ಕುದುರೆಯನ್ನು ಕೊಳ್ಳುವ ಮುನ್ನ

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ನಮ್ಮ ಹಿರಿಯರು ನಗುತ್ತ ಆಡುತ್ತಿದ್ದರಾದರೂ ಅದರಲ್ಲಿ ಎಚ್ಚರಿಕೆಯೊಂದು ಅಡಗಿರುವುದು. ಅದುವರೆಗೆ ಸುಖವಾಗಿ ನಡೆಯುತ್ತಿದ್ದವನಿಗೆ ಕುದುರೆಯನ್ನು ಕಂಡೊಡನೆ ಕಾಲು ನೋಯತೊಡಗುವುದು. ವಿವೇಕವು ಹಿಂದೆ ಸರಿದು ಬಯಕೆಯು ಮುಂದೆ ಬರುವುದು. ಮನೆಯ ಮಗನೋ ಮಗಳೋ ಬೆಂಗಳೂರಿನಲ್ಲಿ ಸವಾರಿಯನ್ನು ಕಲಿತು ರಜೆಗೆ ಊರಿಗೆ ಬಂದು ಸ್ವಂತಕ್ಕೊಂದು ಕುದುರೆ ಬೇಕೆಂದು ಹಟ ಹಿಡಿದರೆ ಗೃಹಸ್ಥನು ಏನು ಮಾಡಬೇಕು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನಮ್ಮ ವಾಚಕರಿಗಾಗಿ ಈ ವಿಷಯವನ್ನು ತುಸು ವಿಚಾರಿಸುವೆವು.

ಈಗ ಮಕ್ಕಳ ಮನಸ್ಸನ್ನು ಸೆಳೆಯುತ್ತಿರುವ ಸವಾರಿಯ ಹೆಸರು ಡ್ರೆಸಾಜ್. ಫ್ರೆಂಚ್ ಭಾಷೆಯಲ್ಲಿ ಈ ಶಬ್ದಕ್ಕೆ ಶಿಕ್ಷಣವೆಂದೇ ಅರ್ಥ. 60 ಮೀಟರು ಉದ್ದ, 20 ಮೀಟರು ಅಗಲದ ಮರಳಿನ ಅಂಗಳದಲ್ಲಿ ಕುದುರೆಯು ಸವಾರನ ಸೂಕ್ಷ್ಮ ಸನ್ನೆಯನ್ನರಿತು ನಡೆಯುವುದು, ಓಡುವುದು, ತಿರುಗುವುದು, ನಿಲ್ಲುವುದು. ಒಂದೊಂದು ಚಲನೆಗೂ ತೀರ್ಪುಗಾರರು 10ರೊಳಗೆ ಅಂಕಗಳನ್ನು ಕೊಡುವರು. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ವಿಧೇಯತೆಗೂ ಲಯಕ್ಕೂ ಬೆಲೆಯುಂಟು. 1912ರಿಂದ ಒಲಿಂಪಿಕ್ ಕ್ರೀಡೆಗಳಲ್ಲಿ ಇದಕ್ಕೆ ಸ್ಥಾನವಿರುವುದು. 2023ರಲ್ಲಿ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡೆಗಳಲ್ಲಿ ಭಾರತದ ತಂಡವು ಇದರಲ್ಲಿ ಚಿನ್ನದ ಪದಕವನ್ನು ಗಳಿಸಿತು. ಬೆಂಗಳೂರಿನ ಫವಾದ್ ಮಿರ್ಜಾ ಅವರು 2018ರಲ್ಲಿ ಜಕಾರ್ತದಲ್ಲಿ ಬೆಳ್ಳಿಯನ್ನು ಗೆದ್ದ ಈವೆಂಟಿಂಗ್ ಸ್ಪರ್ಧೆಗೂ ಮೊದಲನೆಯ ಪರೀಕ್ಷೆಯು ಇದೇ.

ಹೆಸರು ಪರದೇಶದ್ದಾದರೂ ವಿದ್ಯೆಯು ನಮಗೆ ಅಪರಿಚಿತವಾದುದಲ್ಲ. ಕುದುರೆಯ ಐದು ಗತಿಗಳನ್ನು ಅಮರಕೋಶವು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಹೆಸರಿಸಿರುವುದು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಲೀ ವಿನೋದವೆಂದು ಕುದುರೆಯ ಸವಾರಿಗೇ ಒಂದು ಭಾಗವು ಮೀಸಲಾಗಿದೆ. ಇಟಗಿಯ ಮಹಾದೇವ ದೇವಾಲಯವು 1112ರಲ್ಲಿ ಎದ್ದುದು ಈ ಸೋಮೇಶ್ವರನ ತಂದೆಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಎಂಬುದನ್ನು ನೆನೆದರೆ, ಆ ವಿದ್ಯೆಯು ನಮ್ಮ ಸೀಮೆಗೆ ದೂರದ್ದಲ್ಲವೆಂದು ತಿಳಿಯುವುದು.

ಕುದುರೆಯನ್ನು ಕೊಳ್ಳುವ ವಿಷಯದಲ್ಲಂತೂ ನಮ್ಮ ತುಂಗಭದ್ರೆಯ ತೀರಕ್ಕೆ ದೊಡ್ಡ ಇತಿಹಾಸವಿರುವುದು. ಸುಮಾರು 1535ರಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ಪ್ರವಾಸಿ ನ್ಯೂನಿಜನು ತನ್ನ ಕಥೆಯಲ್ಲಿ ಗಂಗಾವತಿಯ ನೆರೆಯ ಆನೆಗೊಂದಿಯ ಅರಸನನ್ನೂ ಹೆಸರಿಸುವನು. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್ ರೇವುಗಳಿಂದ ಕುದುರೆಗಳನ್ನು ತರಿಸಿ, ಪರ್ದಾವು ಎಂಬ ಚಿನ್ನದ ನಾಣ್ಯ 1000ಕ್ಕೆ 3ರಂತೆ ಕೊಳ್ಳುತ್ತಿದ್ದನೆಂದು ಅವನ ಹೇಳಿಕೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯೇ ವರ್ತಕನಿಗೆ ದೊರೆಯುತ್ತಿತ್ತಂತೆ! ಹಂಪೆಯ ಹಜಾರರಾಮನ ಗುಡಿಯ ಪ್ರಾಕಾರದ ಮೇಲೆ ಸಾಲುಸಾಲಾಗಿ ಸಾಗುವ ಕಲ್ಲಿನ ಕುದುರೆಗಳು ಆ ಕಾಲದ ಅಶ್ವಮೋಹಕ್ಕೆ ಇಂದಿಗೂ ಸಾಕ್ಷಿಯಾಗಿವೆ.

ರಾಜ್ಯದ ರಕ್ಷಣೆಗಾಗಿ ಅರಸನು ಬಾಲಕ್ಕೂ ಬೆಲೆ ತೆತ್ತಾನು. ಗೃಹಸ್ಥನಿಗೆ ಅದು ಸಲ್ಲದು. ಇದಕ್ಕೂ ಹಿಂದೆ, 13ನೆಯ ಶತಮಾನದ ಕೊನೆಯಲ್ಲಿ, ಪಾಂಡ್ಯರ ನಾಡನ್ನು ಕಂಡ ಮಾರ್ಕೊ ಪೋಲೊ ಬರೆದಿರುವ ಸಂಗತಿಯು ಇನ್ನೂ ಶೋಚನೀಯವಾದುದು. ಅಲ್ಲಿಯ ಅರಸನು ವರ್ಷಕ್ಕೆ 2000ಕ್ಕೂ ಹೆಚ್ಚು ಕುದುರೆಗಳನ್ನು ಕೊಂಡರೂ ವರ್ಷಾಂತ್ಯಕ್ಕೆ 100 ಸಹ ಉಳಿಯುತ್ತಿರಲಿಲ್ಲವಂತೆ. ಸಾಕುವ ಕ್ರಮವನ್ನು ಬಲ್ಲವರು ಅಲ್ಲಿರಲಿಲ್ಲ. ಮತ್ತೆ ಮತ್ತೆ ಮಾರಲು ಅನುಕೂಲವಾಗಲೆಂದು ವರ್ತಕರು ಅಶ್ವವೈದ್ಯರನ್ನು ಅಲ್ಲಿಗೆ ಹೋಗಗೊಡುತ್ತಲೂ ಇರಲಿಲ್ಲವೆಂದು ಅವನು ಹೇಳುವನು. ಹಣವಿದ್ದ ಮಾತ್ರಕ್ಕೆ ಕುದುರೆಯು ದಕ್ಕುವುದಿಲ್ಲ. ಕೊಳ್ಳುವಾಗ ಪರೀಕ್ಷೆ, ಕೊಂಡ ಮೇಲೆ ಪೋಷಣೆ, ಇವೆರಡೂ ಇದ್ದಲ್ಲಿಯೇ ಅದು ಉಳಿಯುವುದು.

ಮೊದಲು ಪರೀಕ್ಷಿಸಬೇಕಾದವನು ಸವಾರನು. ಕಲಿಯುವವನಿಗೆ ಕಲಿತ ಕುದುರೆಯೇ ಬೇಕು. ಮಗುವೂ ಕುದುರೆಮರಿಯೂ ಜೊತೆಯಾಗಿ ಬೆಳೆಯಲೆಂಬ ಮಾತು ಕೇಳಲು ಇಂಪಾಗಿದ್ದರೂ ಇಬ್ಬರಿಗೂ ಅಪಾಯಕರವಾದುದು. 8ರಿಂದ 14 ವರ್ಷದ, ಶಾಂತಸ್ವಭಾವದ, ಹಲವು ಸವಾರರನ್ನು ಹೊತ್ತು ಪಳಗಿದ ಕುದುರೆಯು ಹೊಸಬನಿಗೆ ಗುರುವಾಗಬಲ್ಲದು. ಎತ್ತಿನಂತೆಯೇ ಕುದುರೆಗೂ ಹಲ್ಲು ನೋಡಿ ವಯಸ್ಸನ್ನು ಹೇಳಬಹುದು. ಸುಮಾರು 5 ವರ್ಷಕ್ಕೆ ಬಾಯಿ ಕೂಡುವುದು. ವಯಸ್ಸು ಹೆಚ್ಚಿದಷ್ಟೂ ಈ ಲೆಕ್ಕದ ಖಚಿತತೆ ಕಡಿಮೆಯಾಗುವುದು.

ಅಗ್ಗವಾಗಿ ದೊರೆಯುವುದು ಪಂದ್ಯದಿಂದ ನಿವೃತ್ತವಾದ ಥರೋಬ್ರೆಡ್ ಜಾತಿಯ ಕುದುರೆ. ಅದು ಚೆಲುವಾದ ಬುದ್ಧಿವಂತ ಪ್ರಾಣಿಯೆಂಬುದು ನಿಜ. ಆದರೆ ಅದಕ್ಕೆ ಕಲಿಸಿರುವುದು ನಾಗಾಲೋಟ ಮಾತ್ರ. ಲಗಾಮನ್ನು ಬಿಗಿಹಿಡಿದರೆ ಇನ್ನೂ ವೇಗವಾಗಿ ಓಡಬೇಕೆಂದು ತಿಳಿಯುವ ಪ್ರಾಣಿಗೆ ಹೊಸ ಪಾಠವನ್ನು ಕಲಿಸಲು ನುರಿತ ಶಿಕ್ಷಕನೂ ಬಹುಕಾಲದ ತಾಳ್ಮೆಯೂ ಬೇಕು. ಕಾಲಿನ ಹಳೆಯ ನೋವುಗಳನ್ನಂತೂ ತಪ್ಪದೆ ವಿಚಾರಿಸತಕ್ಕದ್ದು. ಮಾರವಾಡಿ, ಕಾಠಿಯಾವಾಡಿ ತಳಿಗಳು ಬಿಸಿಲನ್ನು ಚೆನ್ನಾಗಿ ತಾಳುವವು. ಯುರೋಪಿನಲ್ಲಿ ಡ್ರೆಸಾಜಿಗೆಂದೇ ಬೆಳೆಸುವ ಕುದುರೆಗಳ ಬೆಲೆಯು ಸಾಮಾನ್ಯ ಗೃಹಸ್ಥನ ಕೈಗೆ ಎಟುಕದು. ಆರಂಭದ ಪಾಠಗಳಿಗೆ ಅವು ಬೇಕಾಗಿಯೂ ಇಲ್ಲ.

ನೋಡಲು ಹೋಗುವಾಗ ಶಿಕ್ಷಕನನ್ನು ಜೊತೆಗೆ ಕರೆದೊಯ್ಯಬೇಕು. ಜೀನು ಹಾಕುವುದಕ್ಕೆ ಮೊದಲೇ ತಲುಪಿ, ಲಾಯದಲ್ಲಿ ಅದರ ನಡತೆಯನ್ನು ನೋಡಬೇಕು. ಮೈ ಬೆವರಿದ್ದರೆ, ತುಂಟತನವನ್ನು ಮರೆಸಲು ಮುಂಚೆಯೇ ಓಡಿಸಿ ದಣಿಸಿರಬಹುದೆಂದು ಸಂಶಯಿಸತಕ್ಕದ್ದು. ಕಾಲುಗಳನ್ನು ಒಂದೊಂದಾಗಿ ಎತ್ತಿಸಿ ಗೊರಸು, ಲಾಳಗಳನ್ನು ನೋಡಬೇಕು. ಗಟ್ಟಿನೆಲದ ಮೇಲೆ ಮುಂದಿನಿಂದಲೂ ಹಿಂದಿನಿಂದಲೂ ನಡೆಸಿ ನೋಡಿ, ಬಳಿಕ ಎಡಕ್ಕೂ ಬಲಕ್ಕೂ ಸುತ್ತು ಹಾಕಿಸಬೇಕು. ನಡಿಗೆಯಲ್ಲಿ ನಾಲ್ಕು ಪೆಟ್ಟುಗಳು ಸಮವಾಗಿ ಕೇಳಬೇಕು; ಹಿಂಗಾಲು ಮುಂಗಾಲಿನ ಗುರುತನ್ನು ಮುಟ್ಟಿ ದಾಟುವಂತಿರಬೇಕು. ಕುಕ್ಕುಲೋಟದಲ್ಲಿ ಎರಡು ಪೆಟ್ಟು, ಕ್ಯಾಂಟರಿನಲ್ಲಿ ಮೂರು. ಕುಕ್ಕುಲೋಟವನ್ನು ಶಿಕ್ಷಣದಿಂದ ಬಹಳಮಟ್ಟಿಗೆ ತಿದ್ದಬಹುದು. ಕೆಟ್ಟ ನಡಿಗೆಯನ್ನು ತಿದ್ದುವುದು ಕಷ್ಟ. ಮೊದಲು ಮಾರುವವನೇ ಏರಿ ತೋರಿಸಲಿ. ಬಳಿಕ ಶಿಕ್ಷಕನು, ಕೊನೆಗೆ ಮಗುವು ಏರಲಿ. ಸಂತೆಯಲ್ಲಿ ಎತ್ತನ್ನು ಕಟ್ಟಿ ಹೂಡಿ ನೋಡದೆ ಕೊಳ್ಳದ ರೈತನಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಪ್ಪಿಗೆಯಾದರೂ ಇನ್ನೊಂದು ದಿನ, ಮುಂಚಿತವಾಗಿ ತಿಳಿಸದೆ, ಮತ್ತೊಮ್ಮೆ ಹೋಗಿ ನೋಡುವುದು ಲೇಸು.

ಅನಂತರ ಮಾರುವವನಿಗೆ ಸಂಬಂಧಪಡದ ಪಶುವೈದ್ಯರಿಂದ ಹೃದಯ, ಕಣ್ಣು, ಉಸಿರು, ಕೀಲುಗಳನ್ನು ಪರೀಕ್ಷಿಸಬೇಕು. ನೋವನ್ನು ಮರೆಸುವ ಔಷಧವನ್ನು ಕೊಟ್ಟಿರುವರೇ ಎಂಬುದು ರಕ್ತಪರೀಕ್ಷೆಯಿಂದ ತಿಳಿಯುವುದು. ಗ್ಲಾಂಡರ್ಸ್ ಎಂಬ ರೋಗದ ಪರೀಕ್ಷೆಯನ್ನಂತೂ ಬಿಡಲೇಕೂಡದು. ಆ ರೋಗವು ಮನುಷ್ಯರಿಗೂ ತಗಲುವುದು. ರೋಗವು ಕಂಡರೆ ಪ್ರಾಣಿಯನ್ನು ಕೊಲ್ಲಲೇಬೇಕಾಗುವುದು. ಕೊಡುಕೊಳುಗೆಯೆಲ್ಲವೂ ಬರವಣಿಗೆಯಲ್ಲಿರಲಿ.

ಇನ್ನು ಪೋಷಣೆಯ ವಿಷಯ. ಸುಮಾರು 450 ಕಿಲೋ ತೂಕದ ಕುದುರೆಗೆ ದಿನಕ್ಕೆ 8ರಿಂದ 9 ಕಿಲೋ ಒಣಹುಲ್ಲೂ 25ರಿಂದ 45 ಲೀಟರು ಶುದ್ಧ ನೀರೂ ಬೇಕು. ಬೇಸಿಗೆಯಲ್ಲಿ ನೀರು ಇನ್ನೂ ಹೆಚ್ಚು. ಗಂಗಾವತಿಯ ಗದ್ದೆಗಳಲ್ಲಿ ಭತ್ತದ ಹುಲ್ಲು ಹೇರಳವಾಗಿದ್ದರೂ ಅದರಲ್ಲಿ ಸತ್ವವು ಕಡಿಮೆ. ಎಳೆಯ ಹಸಿಜೋಳದ ವಿಷವು ದನಕ್ಕಿರುವಂತೆ ಕುದುರೆಗೂ ಅಪಾಯಕರವಾದುದು. ಯಲಬುರ್ಗಾದ ಎರೆನೆಲವು ಮಳೆಯಲ್ಲಿ ಕಾಲನ್ನು ಹಿಡಿಯುವುದು, ಬೇಸಿಗೆಯಲ್ಲಿ ಬಿರಿಯುವುದು. ಆದುದರಿಂದ ಮರಳಿನ ಅಂಗಳವನ್ನು ಮಾಡಿಸಿಕೊಳ್ಳಬೇಕು. ಗಾಳಿಯಾಡುವ ನೆರಳಿನ ಲಾಯ, ಸುಮಾರು 6 ವಾರಗಳಿಗೊಮ್ಮೆ ಗೊರಸನ್ನು ತಿದ್ದಿ ಲಾಳ ಹೊಡೆಯುವವನು, ಹೊಟ್ಟೆಶೂಲೆ ಬಂದರೆ ರಾತ್ರಿಯಲ್ಲಿಯೂ ಓಡಿಬರುವ ವೈದ್ಯರು, ಇವು ಮೊದಲೇ ಗೊತ್ತಾಗಿರಬೇಕು. ಇಲ್ಲವಾದರೆ ಕುದುರೆಯನ್ನು ಕೊಂಡರೂ ಸವಾರಿಯ ಶಾಲೆಯಲ್ಲಿಯೇ ಬಿಡುವುದು, ಅಥವಾ ಕೆಲಕಾಲ ಬಾಡಿಗೆಯ ಕುದುರೆಯಲ್ಲಿ ಕಲಿಸುವುದು ವಿವೇಕ.

ಕುದುರೆಯು 25 ವರ್ಷಗಳಿಗೂ ಮಿಕ್ಕಿ ಬದುಕಬಲ್ಲದು. ಇಂದು ಹಟಮಾಡುವ ಮಗುವು ಓದಿಗೋ ಉದ್ಯೋಗಕ್ಕೋ ಊರನ್ನು ಬಿಟ್ಟ ಮೇಲೆಯೂ ಲಾಯದಲ್ಲಿ ಆ ಪ್ರಾಣಿಯು ಹುಲ್ಲಿಗಾಗಿ ಕಾದು ನಿಂತಿರುವುದು. ಅಂದು ಅದಕ್ಕೆ ಮೇವಿಡುವವರು ಯಾರೆಂಬ ಪ್ರಶ್ನೆಗೆ ಮನೆಯವರೆಲ್ಲ ಕೂಡಿ ಕುಳಿತು ಉತ್ತರವನ್ನು ಕಂಡುಕೊಂಡ ಬಳಿಕವೇ ಹಣದ ಚೀಲವನ್ನು ಬಿಚ್ಚತಕ್ಕದ್ದೆಂದು ನಮ್ಮ ಅಭಿಪ್ರಾಯ.