ಕೆಲಸ ಎಐ ಮಾಡುತ್ತೆ, ಸಹಿ ಯಾರು ಹಾಕ್ತಾರೆ?

ಎಐ ವಿಷಯ ಬಂದರೆ ಕ್ಯಾಂಟೀನ್‌ನಲ್ಲಿ ಎರಡೇ ಥರದ ಮಾತು ಕೇಳಿಸುತ್ತೆ. ಒಂದು, "ನಾವು ಪಾಸ್ ಆಗೋ ಹೊತ್ತಿಗೆ ಕೆಲಸವೇ ಇರಲ್ಲ." ಇನ್ನೊಂದು, "ಏನೂ ಆಗಲ್ಲ ಬಿಡು ಮಗಾ, ಕಂಪ್ಯೂಟರ್ ಬಂದಾಗ್ಲೂ ಹಿಂಗೇ ಅಂದಿದ್ರು." ಈ ಎರಡರ ಮಧ್ಯೆ ಒಂದು ಪ್ರಶ್ನೆ ಬಿಟ್ಟುಹೋಗುತ್ತೆ. ಎಐ ಮಾಡಿದ ಕೆಲಸ ತಪ್ಪಾದರೆ ಉತ್ತರ ಕೊಡೋರು ಯಾರು? ಕೋರ್ಟು, ಕಂಪನಿ, ಸಿನಿಮಾ, ಎಲ್ಲ ಕಡೆ ಈ ಪ್ರಶ್ನೆ ಈಗಾಗಲೇ ಬಂದಿದೆ. ಅಲ್ಲಿ ಏನಾಯ್ತು ಅಂತ ನೋಡಿದರೆ ನಮ್ಮ ಕೆಲಸದ ಕಥೆ ಏನಾಗಬಹುದು ಅನ್ನೋದೂ ಸ್ವಲ್ಪ ಅರ್ಥವಾಗುತ್ತೆ.

ಇಲ್ಲದ ಕೇಸುಗಳು

ಮೊದಲು ನ್ಯೂಯಾರ್ಕ್. ವಿಮಾನದಲ್ಲಿ ಊಟ ತರುವ ಲೋಹದ ಗಾಡಿ ಮೊಣಕಾಲಿಗೆ ಬಡಿಯಿತು ಅಂತ ಒಬ್ಬ ಪ್ರಯಾಣಿಕ ಅವಿಯಾಂಕಾ ವಿಮಾನ ಕಂಪನಿಯ ಮೇಲೆ ಕೇಸು ಹಾಕಿದ್ದ. ಅವನ ಪರ ವಕೀಲರು ಹಳೆಯ ತೀರ್ಪುಗಳನ್ನು ಚಾಟ್‌ಜಿಪಿಟಿಯಲ್ಲಿ ಹುಡುಕಿ ಕೋರ್ಟಿಗೆ ಬರೆದುಕೊಟ್ಟರು. ಕೇಸಿನ ಹೆಸರು, ನಂಬರು ಎಲ್ಲ ಅಚ್ಚುಕಟ್ಟಾಗಿತ್ತು. ಆದರೆ ಆರು ಕೇಸುಗಳು ನಡೆದೇ ಇರಲಿಲ್ಲ! "ಇವು ನಿಜವಾ?" ಅಂತ ವಕೀಲರು ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಅದು ಹೌದು ಅಂದಿತ್ತು. 2023ರ ಜೂನ್‌ನಲ್ಲಿ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ 5,000 ಡಾಲರ್ ದಂಡ ಹಾಕಿದರು. ಎಐ ಬಳಸಿದ್ದೇ ತಪ್ಪು ಅಂತ ಅವರು ಹೇಳಲಿಲ್ಲ. ಕೋರ್ಟಿಗೆ ಕೊಡೋ ಕಾಗದದಲ್ಲಿ ಇರೋದು ಸರಿಯಾಗಿದೆಯಾ ಅಂತ ನೋಡೋದು ವಕೀಲರ ಜವಾಬ್ದಾರಿ ಅಂದರು.

ಇದು ದೂರದ ಅಮೆರಿಕದ ಕಥೆ ಅಂದ್ಕೋಬೇಡಿ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಒಂದು ಆದೇಶದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಬಂದಿತ್ತು. ವಿಷಯ ಗೊತ್ತಾದ ಮೇಲೆ ನ್ಯಾಯಮಂಡಳಿ ಆ ಆದೇಶವನ್ನು ವಾಪಸ್ ತಗೊಂಡಿತು.

ಯಾಕೆ ಹೀಗಾಗುತ್ತೆ? ಚಾಟ್‌ಜಿಪಿಟಿಯಂಥ ಭಾಷಾ ಮಾಡೆಲ್ ಡೇಟಾಬೇಸ್ ಅಲ್ಲ. ಕೋಟ್ಯಂತರ ಪುಟಗಳನ್ನು ಓದಿ, ಇಷ್ಟು ಪದ ಆದಮೇಲೆ ಮುಂದಿನ ಪದ ಯಾವುದು ಬರಬಹುದು ಅನ್ನೋ ಪ್ರಾಬಬಿಲಿಟಿಯನ್ನು ಅದು ಕಲಿತಿರುತ್ತೆ. ತೀರ್ಪಿನ ಉಲ್ಲೇಖ ಹೇಗೆ ಕಾಣುತ್ತೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಆ ತೀರ್ಪು ನಿಜವಾಗಿ ಇದೆಯಾ ಅಂತ ನೋಡೋದು ಬೇರೆಯದೇ ಕೆಲಸ. ಈಗಿನ ಟೂಲ್‌ಗಳು ಇಂಟರ್ನೆಟ್‌ನಲ್ಲಿ ಹುಡುಕಿ ಉತ್ತರ ಕೊಡುತ್ತವೆ, ತಪ್ಪು ಕಡಿಮೆಯಾಗುತ್ತೆ, ಆದರೆ ಪೂರ್ತಿ ಹೋಗಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋ ಗಾದೆ ಇದಕ್ಕೇ ಮಾಡಿದ ಹಾಗಿದೆ.

"ಅದು ಹೇಳಿದ್ದು, ನಾವಲ್ಲ"

ಈಗ ಬಿಸಿನೆಸ್ ಕಡೆ ಬರೋಣ. 2022ರಲ್ಲಿ ಕೆನಡಾದ ಒಬ್ಬ ವ್ಯಕ್ತಿ, ಅಜ್ಜಿ ತೀರಿಕೊಂಡಾಗ ಏರ್ ಕೆನಡಾ ವೆಬ್‌ಸೈಟಿನ ಚಾಟ್‌ಬಾಟ್ ಹತ್ತಿರ ರಿಯಾಯಿತಿ ಟಿಕೆಟ್ ಬಗ್ಗೆ ಕೇಳಿದ. ಈಗ ಟಿಕೆಟ್ ತಗೊಂಡು 90 ದಿನದೊಳಗೆ ರಿಯಾಯಿತಿಗೆ ಅರ್ಜಿ ಹಾಕಬಹುದು ಅಂತ ಬಾಟ್ ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ, ದುಡ್ಡು ಸಿಗಲಿಲ್ಲ. ವಿಷಯ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಅಂತ ಕಂಪನಿ ವಾದ ಮಾಡಿತು! ನ್ಯಾಯಮಂಡಳಿ ಒಪ್ಪಲಿಲ್ಲ. ವೆಬ್‌ಸೈಟ್ ನಿಮ್ಮದು, ಅದರಲ್ಲಿರೋ ಬಾಟ್ ಕೂಡ ನಿಮ್ಮದೇ ಅಂತ 2024ರ ಫೆಬ್ರವರಿಯಲ್ಲಿ ತೀರ್ಪು ಬಂತು. ಕಂಪನಿ ಕೊಡಬೇಕಾಗಿದ್ದು ಸುಮಾರು 812 ಕೆನಡಾ ಡಾಲರ್. ದುಡ್ಡು ಚಿಕ್ಕದು, ಆದರೆ ಪಾಠ ದೊಡ್ಡದು.

ಅದೇ ತಿಂಗಳು ಸ್ವೀಡನ್ನಿನ ಕ್ಲಾರ್ನಾ ಕಂಪನಿ, ತನ್ನ ಎಐ ಸಹಾಯಕ 700 ಜನ ಮಾಡುವಷ್ಟು ಗ್ರಾಹಕ ಸೇವೆಯ ಕೆಲಸ ಮಾಡ್ತಿದೆ ಅಂತ ಹೇಳಿಕೊಂಡಿತು. 2025ರಲ್ಲಿ ಅದೇ ಕಂಪನಿ ಗ್ರಾಹಕ ಸೇವೆಗೆ ಮತ್ತೆ ಮನುಷ್ಯರನ್ನು ತಗೊಳ್ಳೋಕೆ ಶುರು ಮಾಡಿತು. ಎಐ ಅನ್ನು ಕೈಬಿಡಲಿಲ್ಲ. ಆದರೆ ಬೇಕಾದಾಗ ಮಾತಾಡೋಕೆ ಒಬ್ಬ ಮನುಷ್ಯ ಇರಲೇಬೇಕು ಅನ್ನೋ ತೀರ್ಮಾನಕ್ಕೆ ಬಂತು.

ಬರೆದವರು ಯಾರು?

ಕಲೆಯ ಲೋಕದಲ್ಲಿ ಈ ಪ್ರಶ್ನೆ ಸ್ವಲ್ಪ ತಿರುಗಿ ನಿಲ್ಲುತ್ತೆ. ಅಲ್ಲಿ ತಪ್ಪಿನ ಜೊತೆಗೆ ಹೆಸರು ಯಾರದ್ದು ಅನ್ನೋದೂ ಮುಖ್ಯ. 2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ ಮುಷ್ಕರ ಮಾಡಿದರು. ಸಂಬಳದ ಜೊತೆ ಎಐ ಕೂಡ ದೊಡ್ಡ ವಿಷಯವಾಗಿತ್ತು. ಕೊನೆಗೆ ಆದ ಒಪ್ಪಂದದ ಪ್ರಕಾರ ಎಐ ಅನ್ನು ಬರಹಗಾರ ಅಂತ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಬರಹಗಾರರಿಗೆ ಕೊಡೋ ಸಾಮಗ್ರಿಯಲ್ಲಿ ಎಐ ಬರೆದಿದ್ದು ಇದ್ದರೆ ಕಂಪನಿ ಅದನ್ನು ಮೊದಲೇ ಹೇಳಬೇಕು. ಬರಹಗಾರರು ಎಐ ಬೇಡವೇ ಬೇಡ ಅನ್ನಲಿಲ್ಲ, ಕಂಪನಿ ಒಪ್ಪಿದರೆ ಅವರೂ ಬಳಸಬಹುದು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಲ್ಲೇ ಇದರ ಬಗ್ಗೆ ಒಂದು ಮಾತಿದೆ: ಕಂಪ್ಯೂಟರ್‌ನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟೋಕೆ ಕಾರಣನಾದ ವ್ಯಕ್ತಿಯೇ ಕರ್ತೃ. ಆಗ ಇದು ಸುಲಭವಾಗಿತ್ತು. ಈಗ ಪ್ರಾಂಪ್ಟ್ ಬರೆದವನು ಕಾರಣನಾ, ಮಾಡೆಲ್ ಕಟ್ಟಿದ ಕಂಪನಿಯಾ, ಟ್ರೈನಿಂಗ್‌ಗೆ ಬಳಸಿದ ಲಕ್ಷಾಂತರ ಚಿತ್ರಗಳನ್ನು ಬರೆದ ಕಲಾವಿದರಾ? ಜಗಳ ಇರೋದು ಇಲ್ಲೇ.

ಹಾಗಾದ್ರೆ ನಮಗೇನು?

ಈ ಎಲ್ಲ ಕೇಸುಗಳಲ್ಲೂ ಒಂದು ವಿಷಯ ಸಾಮಾನ್ಯ. ಕೆಲಸವನ್ನು ಮಷೀನಿಗೆ ಕೊಡಬಹುದು, ಹೊಣೆಯನ್ನು ಕೊಡೋಕೆ ಆಗಲ್ಲ. ಮಷೀನಿಗೆ ದಂಡ ಹಾಕೋಕೆ ಆಗಲ್ಲ, ಅದರ ಲೈಸೆನ್ಸ್ ಕಿತ್ಕೊಳ್ಳೋಕೆ ಆಗಲ್ಲ, ಅದಕ್ಕೆ ನಾಚಿಕೆಯೂ ಆಗಲ್ಲ. ಆದ್ದರಿಂದ ಕೊನೆಯಲ್ಲಿ "ಇದು ಸರಿ ಇದೆ" ಅಂತ ಸಹಿ ಹಾಕೋ ಮನುಷ್ಯ ಬೇಕೇ ಬೇಕು. ಸೇತುವೆಯ ಡ್ರಾಯಿಂಗ್ ಆಗಲಿ, ಬ್ಯಾಂಕಿನ ಕೋಡ್ ಆಗಲಿ, ಇದೇ ಮಾತು.

ಇದನ್ನು ಕೇಳಿ ಸಮಾಧಾನ ಆಗಬಹುದು. ಆದರೆ ನಿಜವಾದ ತೊಂದರೆ ಇಲ್ಲಿಂದಲೇ ಶುರು. ಸಹಿ ಹಾಕೋವಷ್ಟು ಬುದ್ಧಿ ಒಬ್ಬ ಸೀನಿಯರ್ ಇಂಜಿನಿಯರ್‌ಗೆ ಎಲ್ಲಿಂದ ಬಂತು? ಮೊದಲ ಎರಡು ಮೂರು ವರ್ಷ ಸಣ್ಣ ಸಣ್ಣ ಬಗ್ ಸರಿಮಾಡಿ, ಟೆಸ್ಟ್ ಕೇಸ್ ಬರೆದು, ಬೇರೆಯವರ ಕೋಡ್ ಓದಿ ತಲೆಕೆಟ್ಟು ಬಂತು. ಕೈ ಕೆಸರಾದ ಮೇಲೆ ಬಾಯಿ ಮೊಸರಾಯ್ತು. ಎಐ ಸುಲಭವಾಗಿ ಮಾಡೋದು ಸರಿಯಾಗಿ ಆ ಕೆಸರಿನ ಕೆಲಸವನ್ನೇ. ಫ್ರೆಶರ್ ಮಾಡೋ ಕೆಲಸ ಎಐಗೆ ಹೋದರೆ, ಹತ್ತು ವರ್ಷ ಆದಮೇಲೆ ಅದರ ತಪ್ಪು ಹಿಡಿಯೋ ಸೀನಿಯರ್ ಎಲ್ಲಿಂದ ಬರ್ತಾನೆ? ಕಂಪನಿಗಳು ಇದಕ್ಕೆ ದಾರಿ ಹುಡುಕಬೇಕು. ಅಲ್ಲಿಯವರೆಗೆ ಆ ಕೆಸರು ನಮಗೆ ಸಿಗೋ ಜಾಗ ಅಂದ್ರೆ ಈ ನಾಲ್ಕು ವರ್ಷ, ಈ ಲ್ಯಾಬ್‌ಗಳು, ಈ ಮಿನಿ ಪ್ರಾಜೆಕ್ಟ್‌ಗಳು.

ಎಐ ಬಳಸಬೇಡಿ ಅಂತ ಹೇಳ್ತಿಲ್ಲ, ಬಳಸದೇ ಇರೋಕೆ ಯಾರಿಂದಲೂ ಆಗಲ್ಲ. ಅದು ಕೊಟ್ಟ ಕೋಡನ್ನು ರನ್ ಮಾಡೋ ಮುಂಚೆ ಔಟ್‌ಪುಟ್ ಏನು ಬರಬಹುದು ಅಂತ ಒಂದು ಸಲ ಪೇಪರ್ ಮೇಲೆ ಬರೆದು ನೋಡಿ. ಅದು ಹೇಳಿದ ಫಾರ್ಮುಲಾ ಟೆಕ್ಸ್ಟ್‌ಬುಕ್‌ನಲ್ಲಿ ಇದೆಯಾ ಅಂತ ಪುಟ ತಿರುಗಿಸಿ. ಸಬ್‌ಮಿಟ್ ಮಾಡೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ವೈವಾದಲ್ಲಿ ಎಕ್ಸ್‌ಟರ್ನಲ್ ಯಾವುದಾದ್ರೂ ಒಂದು ಸಾಲಿನ ಮೇಲೆ ಬೆರಳಿಟ್ಟು "ಇದು ಯಾಕೆ ಹೀಗೆ?" ಅಂದ್ರೆ, ನನ್ನ ಹತ್ರ ಉತ್ತರ ಇದೆಯಾ? ಇದ್ದರೆ ಕೆಳಗಿರೋ ಸಹಿ ನಿಮ್ಮದು. ಇಲ್ಲ ಅಂದ್ರೆ ಅಲ್ಲಿರೋದು ಬರೀ ನಿಮ್ಮ ಯುಎಸ್‌ಎನ್.