ಮೊಬೈಲಿನಲ್ಲಿ ಗಿರಾಕಿಯ ಮನಸ್ಸು: ಉತ್ತರ ಕೊಡದವರ ಲೆಕ್ಕ ಯಾರ ಹತ್ತಿರ?

ರಾಯಚೂರಿನ ತೀನ್ ಕಂದಿಲ್ ಬಜಾರೇ ಇರಲಿ, ಮಾನ್ವಿ, ದೇವದುರ್ಗದ ಪೇಟೆಯೇ ಇರಲಿ, ವ್ಯಾಪಾರಸ್ಥರ ತಲೆನೋವು ಒಂದೇ. ಯಾವ ಮಾಲು ತರಬೇಕು, ಎಷ್ಟು ತರಬೇಕು? ಸಾಲ ತೆಗೆದು ತಂದ ಸರಕು ಕಪಾಟಿನಲ್ಲೇ ಕುಳಿತರೆ ಬಡ್ಡಿ ಮಾತ್ರ ಭಾನುವಾರವೂ ರಜೆ ಇಲ್ಲದೆ ಓಡುತ್ತದೆ. "ಗಿರಾಕಿ ಮನಸ್ಸು ಆ ದೇವರಿಗೂ ತಿಳ್ಯಾಂಗಿಲ್ಲ ಬಿಡ್ರಿ" ಎಂದು ಕೈಚೆಲ್ಲುವುದು ಹಿಂದಿನಿಂದ ಬಂದ ರೂಢಿ.

ಈಗ ಕೈಚೆಲ್ಲುವ ಕಾರಣವಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇಂಟರ್‌ನೆಟ್ ಅಗ್ಗವಾಯಿತು. 2022ರ ಕೊನೆಗೆ ವಾಟ್ಸಾಪ್ ಗುಂಪಿನಲ್ಲೇ ಮತ ಕೇಳುವ ಸೌಲಭ್ಯ ಬಂತು. ಗೂಗಲ್ ಫಾರ್ಮ್ ಅಂತೂ ಪುಕ್ಕಟೆ. ಕನ್ನಡದಲ್ಲೇ ಪ್ರಶ್ನೆ ಬರೆದು ಕಳಿಸಿದರೆ ಬಂದ ಉತ್ತರಗಳನ್ನು ತಾನೇ ಎಣಿಸಿ ಕೊಡುತ್ತದೆ. ದೊಡ್ಡ ಕಂಪನಿಗಳು ಹಣ ಸುರಿದು ಮಾಡಿಸುವ ಮಾರುಕಟ್ಟೆ ಸಮೀಕ್ಷೆಯನ್ನು ಬಟ್ಟೆ ಅಂಗಡಿಯವರು ಗಲ್ಲಾಪೆಟ್ಟಿಗೆ ಮುಂದೆ ಕುಳಿತೇ ಮಾಡಬಹುದು.

ಇದು ಧಾರಣೆ ನೋಡುವಂಥ ಕೆಲಸ ಅಲ್ಲ. ಹತ್ತಿ, ಭತ್ತದ ಪೇಟೆ ಧಾರಣೆಯನ್ನು ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ಯಲ್ಲಿ ಯಾರು ಬೇಕಾದರೂ ನೋಡಬಹುದು. ಅದು ಬೇರೆಯವರು ಕೂಡಿಸಿಟ್ಟ ಲೆಕ್ಕ. ತನ್ನ ಅಂಗಡಿಗೆ ಬರುವವರಿಗೆ ಏನು ಬೇಕೆಂದು ತಾನೇ ಕೇಳಿ ತಿಳಿಯುವುದು ಬೇರೆ. ಆ ಲೆಕ್ಕ ಯಾವ ಸರ್ಕಾರಿ ಕಡತದಲ್ಲೂ ಸಿಗುವುದಿಲ್ಲ.

ಉತ್ತರ ಕೊಟ್ಟವರು ಯಾರು?

ಉಪಾಯವೇನೋ ಚಲೋದೇ. ಪೆಟ್ಟು ಬೀಳುವುದು ಇನ್ನೊಂದು ಕಡೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಮಾತು ಖರೆ. ಆದರೆ ತಳ ಹತ್ತಿ, ಮೇಲೆ ಅಕ್ಕಿಯೇ ಉಳಿದ ಪಾತ್ರೆಗೆ ಈ ಮಾತು ನಡೆಯುವುದಿಲ್ಲ.

ಇದರ ಪಾಠವನ್ನು ಅಮೆರಿಕೆಯ ಒಂದು ಪತ್ರಿಕೆ ದುಬಾರಿ ಬೆಲೆ ತೆತ್ತು ಕಲಿಯಿತು. 1936ರ ಅಧ್ಯಕ್ಷ ಚುನಾವಣೆಗೆ ಮೊದಲು ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಮಂದಿಗೆ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ! ಪತ್ರಿಕೆ ವಿಳಾಸ ಹುಡುಕಿದ್ದು ಟೆಲಿಫೋನ್ ಡೈರೆಕ್ಟರಿಯಲ್ಲಿ, ಕಾರು ಇದ್ದವರ ಪಟ್ಟಿಯಲ್ಲಿ. ಫೋನೂ ಕಾರೂ ಇಲ್ಲದ ಬಡವರ ಮತ ಅದರ ಕಣ್ಣಿಗೆ ಬೀಳಲೇ ಇಲ್ಲ. ಕಾರ್ಡು ತಿರುಗಿ ಕಳಿಸದೆ ಸುಮ್ಮನಿದ್ದವರ ಮನಸ್ಸೂ ತಿಳಿಯಲಿಲ್ಲ. 1938ರಲ್ಲಿ ಪತ್ರಿಕೆಯೇ ನಿಂತುಹೋಯಿತು.

ಇದೇ ಲೆಕ್ಕವನ್ನು ರಾಯಚೂರಿಗೆ ಹಾಕಿ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು 100 ಗಂಡಸರಲ್ಲಿ ಸುಮಾರು 62, 100 ಹೆಂಗಸರಲ್ಲಿ ಸುಮಾರು 35. ಇದು ಇಡೀ ರಾಜ್ಯದ ಮಾತು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ. ಆ ಬಳಿಕ ಕಾಲ ಬದಲಾಗಿದೆ ನಿಜ; ಆದರೂ ಬರೆದು ಕಳಿಸಿದ ಪ್ರಶ್ನೆ ಎಲ್ಲ ಮನೆಯ ಅಡುಗೆಮನೆ ಮುಟ್ಟುತ್ತದೆಂದು ನಂಬಿ ಕುಳಿತರೆ ಕೆಟ್ಟಂತೆ.

ಅತ್ತ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಖರ್ಚು ತಪ್ಪಿತು. ದೇವದುರ್ಗದ ಹಳ್ಳಿಯ ತಾಯಿ ಮಗಳ ಮದುವೆ ಜವಳಿಗೆ ರಾಯಚೂರಿನ ತನಕ ಬಂದು ನಾಲ್ಕು ಅಂಗಡಿ ಹತ್ತಿ ಇಳಿದು ನೋಡಬಹುದು. ರೊಕ್ಕ ಕೊಡುವ ಗಿರಾಕಿ ಆಕೆ. ಅಂಗಡಿಯ ವಾಟ್ಸಾಪ್ ಗುಂಪಿನಲ್ಲಿ ಇರುವವನು ಆಕೆಯ ಮಗ!

ಒಂದೇ ಜಿಲ್ಲೆ, ಮೂರು ಪೇಟೆ

ಮೂರೂ ಊರಿನ ಉತ್ತರಗಳನ್ನು ಒಂದೇ ಗಂಟು ಕಟ್ಟುವುದೂ ತಪ್ಪು. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ನೀರು ಬಂದರೆ ಪೇಟೆಗೆ ಕಳೆ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ಆಸರೆ. ನೀರು ಹತ್ತದ ಊರುಗಳಿಂದ ಬೆಂಗಳೂರಿನಂಥ ಊರಿಗೆ ಗುಳೆ ಹೋಗುವವರೂ ಉಂಟು. ಗುಳೆ ಹೋದ ಹುಡುಗ ಗುಂಪಿನಲ್ಲಿ ಇದ್ದೇ ಇರುತ್ತಾನೆ, ಅಲ್ಲಿಂದಲೇ ಉತ್ತರವನ್ನೂ ಒತ್ತುತ್ತಾನೆ. ಆದರೆ ದೀಪಾವಳಿಯ ಅಂಗಿ ಬೆಂಗಳೂರಿನಲ್ಲೇ ಕೊಳ್ಳುತ್ತಾನೆ. ಆದ್ದರಿಂದ "ಸದ್ಯ ಯಾವ ಊರಾಗ ಇದ್ದೀರಿ?" ಎಂಬುದು ಮೊದಲ ಪ್ರಶ್ನೆ ಆಗಬೇಕು.

ಕೇಳುವ ರೀತಿ

ಪ್ರಶ್ನೆ ಐದಕ್ಕಿಂತ ಹೆಚ್ಚು ಬೇಡ. "ನಮ್ಮ ಅಂಗಡಿ ಮಾಲು ಹೆಂಗೈತ್ರಿ?" ಎಂದು ಕೇಳಿದರೆ "ಚಲೋ ಐತ್ರಿ ಸಾವಕಾರ್ರೆ" ಎಂಬುದೇ ಉತ್ತರ. ಅದು ಮರ್ಯಾದೆಯ ಮಾತು, ವ್ಯಾಪಾರದ ಮಾತಲ್ಲ. "ಮುಂದಿನ ಹಬ್ಬಕ್ಕ ಏನು ತಗೊಂತೀರಿ?" ಎಂದರೂ ಬರುವುದು ಬರೀ ಆಸೆಯ ಪಟ್ಟಿ. "ಹೋದ ಸಲ ಏನು ತಗೊಂಡ್ರಿ, ಯಾವ ಊರಾಗ ತಗೊಂಡ್ರಿ, ಎಷ್ಟು ಕೊಟ್ರಿ?" ಎಂದು ಕೇಳಬೇಕು. ಕೊಟ್ಟ ರೊಕ್ಕವನ್ನು ಯಾರೂ ಸುಲಭವಾಗಿ ಮರೆಯುವುದಿಲ್ಲ.

ವಾಟ್ಸಾಪ್ ಗುಂಪಿನ ಮತದಲ್ಲಿ ಯಾರು ಯಾವುದಕ್ಕೆ ಒತ್ತಿದರೆಂದು ಗುಂಪಿನವರಿಗೆಲ್ಲ ಕಾಣುತ್ತದೆ. ಊರಿನ ಹಿರಿಯರು ಒತ್ತಿದ್ದಕ್ಕೇ ಉಳಿದವರೂ ಒತ್ತಿಬಿಡಬಹುದು. ಬೆಲೆ, ಉದ್ರಿಯಂಥ ನಾಚಿಕೆಯ ವಿಷಯಕ್ಕೆ ಹೆಸರು ಕೇಳದ ಗೂಗಲ್ ಫಾರ್ಮೇ ಮೇಲು. ಬೇಡದ ಕಡೆ ಫೋನ್ ನಂಬರು, ವಿಳಾಸ ಕೇಳಲೂಬಾರದು. ವೈಯಕ್ತಿಕ ವಿವರ ಯಾತಕ್ಕೆ ಬೇಕೆಂದು ತಿಳಿಸಿ, ಒಪ್ಪಿಗೆ ಪಡೆಯಬೇಕೆಂಬುದು 2023ರಲ್ಲಿ ಆದ ಕಾನೂನಿನ ಆಶಯ.

ಎರಡು ಚೀಟಿ, ಎರಡು ಲೆಕ್ಕ

ಹಾಗಾದರೆ ಮಾರ್ಗ ಯಾವುದು? ಮೊಬೈಲಿನಲ್ಲಿ 50 ಉತ್ತರ ಬಂದರೆ, ಅದೇ ಐದು ಪ್ರಶ್ನೆಗಳನ್ನು ಅಂಗಡಿಗೆ ಬಂದ 50 ಮಂದಿಗೆ ಬಾಯಲ್ಲೇ ಕೇಳಿ ಬರೆದಿಡಬೇಕು. ಸಂತೆಯ ದಿನ ಒಂದಿಷ್ಟು, ಉಳಿದ ದಿನ ಒಂದಿಷ್ಟು. ಗುರುತಿನವರನ್ನೇ ಆರಿಸದೆ, ಬಂದವರಲ್ಲಿ ಪ್ರತಿ ಐದನೆಯವರನ್ನು ಕೇಳಿದರೆ ಇನ್ನೂ ಚಲೋ. ಎರಡೂ ಲೆಕ್ಕ ಬೇರೆ ಬೇರೆ ಇರಲಿ. ಮೊಬೈಲು ರೆಡಿಮೇಡ್ ಚೂಡಿದಾರ ಎಂದು, ಎದುರಿಗೆ ನಿಂತವರು ಇಳಕಲ್ ಸೀರೆ ಎಂದು ಹೇಳಿದರೆ ಗಾಬರಿ ಬೇಡ. ಆ ವ್ಯತ್ಯಾಸವೇ ನಿಜವಾದ ಸುದ್ದಿ: ಅಂಗಡಿಗೆ ಎರಡು ಬಗೆಯ ಗಿರಾಕಿಗಳು ಇದ್ದಾರೆ.

100 ಉತ್ತರ ಸಿಕ್ಕ ಮಾತ್ರಕ್ಕೆ ಪಕ್ಕಾ ಎಂದು ಹಿಗ್ಗುವುದೂ ಬೇಡ. ಸರಿಯಾಗಿ ಆರಿಸಿ ಕೇಳಿದರೂ 100 ಮಂದಿಯ ಲೆಕ್ಕದಲ್ಲಿ ಶೇಕಡಾ 10ರಷ್ಟು ಆಚೀಚೆ ಆಗಬಹುದೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಅದಕ್ಕೇ ಮೊದಲು ಸಣ್ಣ ಗಂಟು ತರಿಸಿ, ಒಂದು ವಾರ ಮಾರಿ ನೋಡಿ, ಆಮೇಲೆ ದೊಡ್ಡ ಸಾಲಕ್ಕೆ ಕೈ ಹಾಕುವುದು ಜಾಣತನ.

ಇಂಟರ್‌ನೆಟ್ ವ್ಯಾಪಾರಸ್ಥರಿಗೆ ಒಳ್ಳೆಯ ಕಿವಿ ಕೊಟ್ಟಿದೆ. ಮಾತಾಡಿದವರದು ಅದಕ್ಕೆ ಕೇಳಿಸುತ್ತದೆ, ಸುಮ್ಮನಿದ್ದವರದು ಕೇಳಿಸುವುದಿಲ್ಲ. ಬಸ್ಸಿಳಿದ ಗಿರಾಕಿ ಏನೂ ಹೇಳದೆ ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಮೊಬೈಲಿನ ಲೆಕ್ಕ ತೆಗೆದುಕೊಂಡು ಮಾಡುವುದೇನು?