ಸಲೂನ್‌ನಲ್ಲಿ ಹಚ್ಚಿಸಿದ ಕಲರ್ ಕೆಟ್ಟರೆ ಏನು ಮಾಡೋದು? ಬಣ್ಣ ಕೆಟ್ಟರೆ ಕಾಯಿರಿ, ಮುಖ ಬಾತರೆ ಕಾಯಬೇಡಿ

ಗೋಕಾಕ: ಲಗ್ನದ ಸೀಜನ್ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ, ಸಂಕೇಶ್ವರ, ಘಟಪ್ರಭಾದ ಕಟಿಂಗ್ ಅಂಗಡಿ ಮತ್ತು ಬ್ಯೂಟಿ ಪಾರ್ಲರ್‌ಗಳಲ್ಲಿ ಕುರ್ಚಿ ಖಾಲಿ ಇರೋದಿಲ್ಲ. ಬೀಗರ ಮುಂದೆ ಬಿಳಿ ಕೂದಲು ಕಾಣಬಾರದು ಅಂತ ಹಿರಿಯರು ಬರುತ್ತಾರೆ. ರೀಲ್ಸ್ ನೋಡಿ ಬೂದಿ ಬಣ್ಣ, ವೈನ್ ಬಣ್ಣ ಬೇಕು ಅಂತ ಕಾಲೇಜು ಹುಡುಗ-ಹುಡುಗಿಯರು ಬರುತ್ತಾರೆ. ಹೆಚ್ಚಿನವರಿಗೆ ಏನೂ ತೊಂದರೆ ಆಗೋದಿಲ್ಲ. ಆದರೆ ಕೆಲವರಿಗೆ ಮರುದಿನ ಕಣ್ಣಿನ ರೆಪ್ಪೆ ಬಾತು ಮುಚ್ಚಿಹೋಗುತ್ತದೆ, ಕೆಲವರ ಕೂದಲು ಕೈಗೆ ಕಿತ್ತು ಬರುತ್ತದೆ, ಇನ್ನು ಕೆಲವರಿಗೆ ಬೂದಿ ಬಣ್ಣ ಕೇಳಿದರೆ ಕಿತ್ತಳೆ ಬಣ್ಣ ಸಿಗುತ್ತದೆ.

ಈ ಮೂರೂ ಒಂದೇ ಅಲ್ಲ. ಬಣ್ಣ ಕೆಟ್ಟಿದ್ದರೆ ಅವಸರ ಮಾಡಬಾರದು. ಚರ್ಮ, ಕಣ್ಣು, ಉಸಿರಾಟಕ್ಕೆ ತೊಂದರೆ ಬಂದಿದ್ದರೆ ತಡ ಮಾಡಬಾರದು. ನಮ್ಮಲ್ಲಿ ಬಹಳ ಮಂದಿ ಇದನ್ನು ಉಲ್ಟಾ ಮಾಡುತ್ತಾರೆ. ಬಣ್ಣ ಕೆಟ್ಟರೆ ಅದೇ ದಿನ ಮತ್ತೊಂದು ಕಲರ್ ಹಚ್ಚಿಸುತ್ತಾರೆ, ಮುಖ ಬಾತರೆ "ನಾಳೆ ಇಳಿತದ ಬಿಡು" ಅಂತ ಕೂರುತ್ತಾರೆ.

ಕೇಳಿದ ಬಣ್ಣ ಯಾಕೆ ಬರೋದಿಲ್ಲ?

ನಮ್ಮ ಕಡೆಯವರ ಕೂದಲು ಸಹಜವಾಗಿ ಕಪ್ಪು. ಕಪ್ಪು ಕೂದಲಿನ ಮೇಲೆ ತಿಳಿ ಬಣ್ಣ ಕೂರಬೇಕಾದರೆ ಮೊದಲು ಬ್ಲೀಚ್ ಹಾಕಿ ಒಳಗಿನ ಕಪ್ಪು ತೆಗೆಯಬೇಕು. ಅದು ಒಮ್ಮೆಲೇ ಹೋಗೋದಿಲ್ಲ. ಮೊದಲು ಕೆಂಪು ಮಿಶ್ರಿತ ಕಂದು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಹೀಗೆ ಹಂತ ಹಂತವಾಗಿ ತಿಳಿಯಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಕಿತ್ತಳೆಯೇ ಉಳಿಯುತ್ತದೆ. ಮೊಬೈಲ್‌ನಲ್ಲಿ ಕಾಣುವ ಬೂದಿ ಬಣ್ಣಕ್ಕೆ ಹಳದಿ ಹಂತದವರೆಗೆ ಹೋಗಬೇಕು, ಅಷ್ಟು ತಡೆಯುವ ಶಕ್ತಿ ಎಲ್ಲರ ಕೂದಲಿಗೂ ಇರೋದಿಲ್ಲ.

ಇನ್ನೊಂದು ಕಾರಣ, ತಲೆಯಲ್ಲಿ ಈಗಾಗಲೇ ಇರುವ ಬಣ್ಣ. ಮನೆಯಲ್ಲಿ ಹಚ್ಚಿದ ಮೆಹೆಂದಿ, ಹಳೇ ಡೈ ಕೂದಲಿನಲ್ಲೇ ಇರುತ್ತದೆ. ಅದರ ಮೇಲೆ ತಿಳಿ ಕಲರ್ ಹಚ್ಚಿದರೆ ಹಳೇದು ತಿಳಿಯಾಗೋದಿಲ್ಲ. ಕೆಲವು ಮೆಹೆಂದಿ ಪ್ಯಾಕೆಟ್‌ಗಳಲ್ಲಿ ಲೋಹದ ಲವಣ ಬೆರೆಸಿರುತ್ತಾರೆ. ಅದರ ಮೇಲೆ ಬ್ಲೀಚ್ ಬಿದ್ದರೆ ಕೂದಲು ಬಿಸಿಯಾಗಬಹುದು, ಹಸಿರು ಛಾಯೆ ಬರಬಹುದು. ಹಾಗಾಗಿ ಕಳೆದ ಒಂದು ವರ್ಷದಲ್ಲಿ ತಲೆಗೆ ಏನೇನು ಹಚ್ಚಿದ್ದೀರಿ ಅನ್ನೋದನ್ನು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಬೇಕು.

ಬಣ್ಣ ಮಾತ್ರ ಕೆಟ್ಟಿದ್ದು, ಉರಿ-ತುರಿಕೆ ಇಲ್ಲದಿದ್ದರೆ ಅದೇ ದಿನ ಮತ್ತೆ ಬ್ಲೀಚ್, ಮತ್ತೆ ಡೈ ಮಾಡಿಸಬೇಡಿ. ಕನಿಷ್ಠ ಎರಡು ವಾರ ಬಿಡಿ. ತಲೆ ತೊಳೆದಂತೆಲ್ಲ ಬಣ್ಣ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಕಿತ್ತಳೆ ಛಾಯೆ ಇದ್ದರೆ ಅನುಭವ ಇರುವವರ ಹತ್ತಿರ ಟೋನರ್ ಅಥವಾ ಗಾಢ ಕಂದು ಬಣ್ಣ ಹಾಕಿಸಿ ಮುಚ್ಚಬಹುದು.

ಕೂದಲು ಕಿತ್ತು ಬಂದರೆ

ಬ್ಲೀಚ್ ಪುಡಿಗೆ ಬೆರೆಸುವ ಡೆವಲಪರ್ ಅಂದ್ರೆ ಹೈಡ್ರೋಜನ್ ಪೆರಾಕ್ಸೈಡ್. ಡಬ್ಬಿ ಮೇಲೆ 10, 20, 30, 40 ವಾಲ್ಯೂಮ್ ಅಂತ ಬರೆದಿರುತ್ತದೆ. 10 ಅಂದ್ರೆ ಶೇ 3, 20 ಅಂದ್ರೆ ಶೇ 6, 30 ಅಂದ್ರೆ ಶೇ 9, 40 ಅಂದ್ರೆ ಶೇ 12ರಷ್ಟು ಪೆರಾಕ್ಸೈಡ್. ಲಗೂನ ಮುಗಿಯಲಿ ಅಂತ 40 ಹಾಕಿ, ಮೇಲೆ ಬಿಸಿ ಗಾಳಿ ಕೊಟ್ಟರೆ ಕೂದಲು ಸುಟ್ಟು ರಬ್ಬರಿನ ಹಾಗೆ ಎಳೆದುಕೊಂಡು ತುಂಡಾಗುತ್ತದೆ. ನೆತ್ತಿಯ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ.

ನೆತ್ತಿಯಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ಸುಟ್ಟ ಭಾಗ ಯಾವ ಎಣ್ಣೆಯಿಂದಲೂ ಮೊದಲಿನ ಹಾಗೆ ಆಗೋದಿಲ್ಲ, ಕತ್ತರಿಸಲೇಬೇಕು. ಸಮಾಧಾನದ ವಿಷಯ ಅಂದ್ರೆ ಬೇರು ಚಲೋ ಇದ್ದರೆ ಹೊಸ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಆದರೆ ನೆತ್ತಿಯಲ್ಲಿ ಆಳವಾದ ಗಾಯ ಆಗಿದ್ದರೆ ಆ ಜಾಗದಲ್ಲಿ ಕೂದಲು ಮತ್ತೆ ಬಾರದೇ ಇರಬಹುದು. ಬೊಬ್ಬೆ, ಕೀವು ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಬೇಕು.

ಮುಖ ಬಾತರೆ ಅದು ಅಲರ್ಜಿ

ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವ ರಾಸಾಯನಿಕದ ಹೆಸರು ಪ್ಯಾರಾಫಿನೈಲಿನ್‌ಡಯಾಮಿನ್. ಚಿಕ್ಕದಾಗಿ ಪಿಪಿಡಿ ಅನ್ನುತ್ತಾರೆ. ಕೂದಲಿಗೆ ಗಟ್ಟಿ ಕಪ್ಪು ಕೊಡೋದು ಇದೇ, ಅಲರ್ಜಿ ತರೋದೂ ಹೆಚ್ಚಾಗಿ ಇದೇ.

ಈ ಅಲರ್ಜಿ ಹಚ್ಚಿದ ತಕ್ಷಣ ಕಾಣೋದಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಬರುತ್ತದೆ. ಹಚ್ಚಿದ್ದು ತಲೆಗಾದರೂ ಬಾವು ಮೊದಲು ಕಾಣೋದು ಹಣೆ, ಕಿವಿ, ಕುತ್ತಿಗೆ, ಕಣ್ಣಿನ ರೆಪ್ಪೆಯಲ್ಲಿ. ಅದಕ್ಕೇ ಬಹಳ ಮಂದಿ ಯಾವುದೋ ಹುಳ ಕಡಿದಿದೆ, ಊಟ ಹೆಚ್ಚು-ಕಡಿಮೆ ಆಗಿದೆ ಅಂದುಕೊಳ್ಳುತ್ತಾರೆ. ಡೈ ನೆನಪಾಗೋದೇ ಇಲ್ಲ.

"ಹತ್ತು ವರ್ಷದಿಂದ ಇದನ್ನ ಹಚ್ಚಾಕತ್ತೀನ್ರಿ, ಎಂದೂ ಏನೂ ಆಗಿಲ್ಲ" ಅನ್ನುವ ಮಾತು ಎಲ್ಲ ಅಂಗಡಿಯಲ್ಲೂ ಕೇಳುತ್ತದೆ. ಅಲರ್ಜಿ ಹುಟ್ಟೋದೇ ಹಾಗೆ. ಮೈ ಒಂದು ಸಲ ಆ ರಾಸಾಯನಿಕವನ್ನು ವೈರಿ ಅಂತ ಗುರುತಿಸಿತು ಅಂದ್ರೆ ಆ ಗುರುತು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಮುಂದಿನ ಸಲ ಬಾವು ಬೇಗ ಬರುತ್ತದೆ, ಜೋರಾಗಿಯೂ ಬರಬಹುದು. ಹಾಗಾಗಿ ಒಮ್ಮೆ ಸ್ವಲ್ಪ ತುರಿಸಿದ ಡೈಯನ್ನು "ಈ ಸಲ ನೋಡೋಣ" ಅಂತ ಮತ್ತೆ ಹಚ್ಚಬಾರದು.

ಲಗ್ನ, ಹಬ್ಬದಲ್ಲಿ ಕೈಗೆ ಹಾಕುವ ಕಪ್ಪು ಮೆಹೆಂದಿಯೂ ಇದರ ಜೋಡಿಯೇ. ನಿಜವಾದ ಮೆಹೆಂದಿ ಎಲೆ ಕಪ್ಪು ಬಣ್ಣ ಕೊಡೋದಿಲ್ಲ. ಅದು ಕೆಂಪು-ಕಂದು, ಬಣ್ಣ ಏರಲು ತಾಸುಗಟ್ಟಲೆ ಬೇಕು. ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುವ ಕೋನ್‌ನಲ್ಲಿ ಪಿಪಿಡಿ ಬೆರೆಸಿರುವ ಸಾಧ್ಯತೆ ಹೆಚ್ಚು. ಚಿಕ್ಕವರಿದ್ದಾಗ ಕಪ್ಪು ಮೆಹೆಂದಿಯಿಂದ ಕೈ ಬೊಬ್ಬೆ ಬಂದವರಿಗೆ ಮುಂದೆ ಮೊದಲ ಡೈಗೇ ಮುಖ ಬಾಯಬಹುದು. ಈ ಅಪಾಯ ನೋಡಿಯೇ ಯುರೋಪಿನ ಒಕ್ಕೂಟದ ದೇಶಗಳಲ್ಲಿ ಇಂಥ ಡೈ ಪ್ಯಾಕೆಟ್ ಮೇಲೆ 16 ವರ್ಷದೊಳಗಿನವರಿಗೆ ಅಲ್ಲ ಅಂತ ಬರೆಯಬೇಕು. ಕಪ್ಪು ಮೆಹೆಂದಿ ಹಚ್ಚೆಯ ಎಚ್ಚರಿಕೆಯೂ ಅದರ ಮೇಲಿರುತ್ತದೆ.

"ಅಮೋನಿಯಾ ಇಲ್ಲ", "ಹರ್ಬಲ್" ಅಂತ ದೊಡ್ಡ ಅಕ್ಷರದಲ್ಲಿ ಇದ್ದರೂ ಹಿಂದಿನ ಸಣ್ಣ ಅಕ್ಷರ ಓದಿ. ಅಮೋನಿಯಾ ಇಲ್ಲದ ಡೈಯಲ್ಲೂ ಪಿಪಿಡಿ ಇರಬಹುದು.

ತಕ್ಷಣ ಏನು ಮಾಡಬೇಕು?

* ಹಚ್ಚಿಕೊಂಡಿರುವಾಗಲೇ ಜೋರು ಉರಿ ಬಂದರೆ "ಇನ್ನ ಹತ್ತ ನಿಮಿಷ ತಡೀರಿ" ಅನ್ನುವ ಮಾತು ಕೇಳಬೇಡಿ. ಕೂಡಲೇ ತೊಳೆಸಿ. ಮೊದಲು ಬರೀ ತಣ್ಣೀರು, ಆಮೇಲೆ ಸೌಮ್ಯ ಶಾಂಪೂ, ಮತ್ತೆ ಹೆಚ್ಚು ನೀರು.
* ಕಣ್ಣಿಗೆ ಬಿದ್ದರೆ ಸ್ವಚ್ಛ ನೀರಿನಿಂದ 15-20 ನಿಮಿಷ ಬಿಡದೆ ತೊಳೆಯಿರಿ. ಉಜ್ಜಬೇಡಿ. ಆಮೇಲೆ ಕಣ್ಣಿನ ಡಾಕ್ಟರಿಗೆ ತೋರಿಸಿ.
* ಸುಟ್ಟ ಜಾಗಕ್ಕೆ ನಿಂಬೆಹಣ್ಣು, ಅಡುಗೆ ಸೋಡಾ, ಅರಿಶಿಣ, ಟೂತ್‌ಪೇಸ್ಟ್ ಹಚ್ಚಬೇಡಿ.
* ಔಷಧ ಅಂಗಡಿಯಲ್ಲಿ ಕೇಳಿ ಸ್ಟೆರಾಯ್ಡ್ ಮುಲಾಮು ತಂದು ಮುಖಕ್ಕೆ ಬಳಿಯಬೇಡಿ. ಯಾವುದು, ಎಷ್ಟು ದಿನ ಅನ್ನೋದನ್ನು ಡಾಕ್ಟರ್ ಹೇಳಬೇಕು.
* ತುಟಿ, ನಾಲಿಗೆ ಬಾತರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಅದು ತುರ್ತು ಪರಿಸ್ಥಿತಿ. 108ಕ್ಕೆ ಫೋನ್ ಮಾಡಿ, ಹತ್ತಿರದ ದವಾಖಾನೆಗೆ ಹೋಗಿ. ಇದು ಅಪರೂಪ, ಆದರೆ ಜೀವಕ್ಕೆ ಅಪಾಯ.
* ಡಾಕ್ಟರ್ ಹತ್ತಿರ ಹೋಗುವಾಗ ಡೈ ಪ್ಯಾಕೆಟ್ ಅಥವಾ ಅದರ ಫೋಟೊ ಒಯ್ಯಿರಿ.

ಬಾವು ಇಳಿದ ಮೇಲೂ ವಿಷಯ ಮುಗಿಯೋದಿಲ್ಲ. ಯಾವುದರ ಅಲರ್ಜಿ ಅನ್ನೋದನ್ನು ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿ ಹೇಳಬಹುದು. ಪಿಪಿಡಿ ಅಲರ್ಜಿ ಇರುವ ಕೆಲವರಿಗೆ ಬೆಂಜೊಕೇನ್‌ನಂಥ ಮರಗಟ್ಟಿಸುವ ಔಷಧಿಯೂ ಆಗಿಬರೋದಿಲ್ಲ. ಹಲ್ಲಿನ ಡಾಕ್ಟರಿಗೂ ಇದನ್ನು ಹೇಳಬೇಕು.

48 ತಾಸಿನ ಪರೀಕ್ಷೆ

ಇದನ್ನು ತಪ್ಪಿಸುವ ದಾರಿ ಸರಳ, ಖರ್ಚೂ ಇಲ್ಲ. ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಪ್ಯಾಕೆಟ್‌ನಲ್ಲಿ ಹೇಳಿದ ಹಾಗೆ ಒಂದು ಹನಿ ಡೈ ಹಚ್ಚಿ 48 ತಾಸು ನೋಡೋದು. ಕೆಂಪಾದರೆ, ತುರಿಸಿದರೆ, ಬಾತರೆ ತೊಳೆದುಬಿಡಿ, ಆ ಡೈ ನಿಮಗಲ್ಲ. ಬ್ರ್ಯಾಂಡ್ ಬದಲಿಸಿದರೆ ಪರೀಕ್ಷೆ ಮತ್ತೆ ಮಾಡಬೇಕು.

ಇದು ಬರೀ ಸಲಹೆ ಅಲ್ಲ. ನಮ್ಮ ದೇಶದ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ರಾಸಾಯನಿಕ ಇರುವ ಹೇರ್ ಡೈ ಪ್ಯಾಕೆಟ್ ಮೇಲೆ ಮೊದಲು ಪರೀಕ್ಷೆ ಮಾಡಿ ಅನ್ನುವ ಎಚ್ಚರಿಕೆ ಇಂಗ್ಲಿಷ್‌ನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು. ಹುಬ್ಬು, ರೆಪ್ಪೆಗೂದಲಿಗೆ ಹಚ್ಚಬಾರದು, ಕಣ್ಣು ಹೋಗಬಹುದು ಅಂತಲೂ ಇರಬೇಕು. ಆದರೂ ಗಡ್ಡ-ಮೀಸೆ ಜೊತೆಗೆ ಹುಬ್ಬಿಗೂ ಒಂದು ಕೈ ಎಳೆಸಿಕೊಳ್ಳುವವರು ಇದ್ದಾರೆ.

ಲಗ್ನ ಇದ್ದರೆ ಹಿಂದಿನ ದಿನ ಕಲರ್ ಬೇಡ. ಒಂದು ವಾರ ಮುಂಚೆ ಹಚ್ಚಿಸಿ, ಪರೀಕ್ಷೆ ಅದಕ್ಕೂ ಎರಡು ದಿನ ಮುಂಚೆ ಆಗಲಿ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಲಗ್ನ ಗೊತ್ತಾಗಿದ್ದ ಯುವತಿಯೊಬ್ಬರು ಪಾರ್ಲರ್‌ನಲ್ಲಿ ಮೇಕಪ್ ಮಾಡಿಸಿ ಹಬೆ ತೆಗೆದುಕೊಂಡ ಮೇಲೆ ಮುಖ ಬಾತು ಆಸ್ಪತ್ರೆ ಸೇರಿದ್ದರು, ಲಗ್ನವೇ ಮುಂದಕ್ಕೆ ಹೋಗಿತ್ತು. ಅದು ಕೂದಲ ಬಣ್ಣದ ಪ್ರಕರಣ ಅಲ್ಲ, ಆದರೆ ಲಗ್ನದ ಹೊಸ್ತಿಲಲ್ಲಿ ಹೊಸ ಸಾಮಾನು ಪ್ರಯೋಗ ಮಾಡಬಾರದು ಅನ್ನೋದಕ್ಕೆ ಸಾಕು.

ದುಡ್ಡು, ಪರಿಹಾರದ ಮಾತು

ಮೊದಲು ಅಂಗಡಿಯವರ ಜೊತೆ ಶಾಂತವಾಗಿ ಮಾತಾಡಿ. ಬಣ್ಣ ಕೆಟ್ಟಿದ್ದರೆ ಹೆಚ್ಚಿನವರು ಸರಿ ಮಾಡಿಕೊಡುತ್ತಾರೆ. ಗಾಯ, ದವಾಖಾನೆ ಖರ್ಚು ಆಗಿ ಮಾತುಕತೆ ಬಗೆಹರಿಯದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕ ಇಲ್ಲ. ಘಟನೆ ಆಗಿ ಎರಡು ವರ್ಷದೊಳಗೆ ದೂರು ಹೋಗಬೇಕು.

ಆದರೆ ಬರೀ ಬಾಯಿಮಾತು ನಿಲ್ಲೋದಿಲ್ಲ. ದಿಲ್ಲಿಯ ದೊಡ್ಡ ಹೋಟೆಲ್ ಒಂದರ ಸಲೂನ್‌ನಲ್ಲಿ ಕೂದಲು ತಪ್ಪಾಗಿ ಕತ್ತರಿಸಿದ ಪ್ರಕರಣದಲ್ಲಿ 2021ರಲ್ಲಿ ರಾಷ್ಟ್ರೀಯ ಆಯೋಗ 2 ಕೋಟಿ ರೂಪಾಯಿ ಪರಿಹಾರ ಹೇಳಿತ್ತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತ ಬದಿಗಿಟ್ಟು, ನಷ್ಟಕ್ಕೆ ಸಾಕ್ಷಿ ಬೇಕು ಅಂತ ಪ್ರಕರಣವನ್ನು ವಾಪಸ್ ಕಳಿಸಿತು. ಹಾಗಾಗಿ ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದಿದ್ದರೆ ಫೋನ್‌ಪೇ, ಗೂಗಲ್‌ಪೇ ಮೆಸೇಜ್ ಅಳಿಸಬೇಡಿ. ದಿನಾಂಕ ಸಮೇತ ಫೋಟೊ, ಡಾಕ್ಟರ್ ಚೀಟಿ, ಔಷಧಿ ಬಿಲ್ ಇಟ್ಟುಕೊಳ್ಳಿ.

ಅಂಗಡಿಯವರಿಗೆ

ಗಿರಾಕಿಗೆ ಅಲರ್ಜಿ ಆದರೆ ಅಂಗಡಿಯ ಹೆಸರೂ ಕೆಡುತ್ತದೆ. ಒಂದು ನೂರು ಹಾಳೆಯ ನೋಟ್‌ಬುಕ್ ಇಡಿ. ಹೆಸರು, ದಿನಾಂಕ, ಯಾವ ಬ್ರ್ಯಾಂಡ್, ಎಷ್ಟು ವಾಲ್ಯೂಮ್, ಪರೀಕ್ಷೆ ಮಾಡಿದ್ದು, ಮೊದಲು ಅಲರ್ಜಿ ಆಗಿತ್ತೋ ಇಲ್ಲವೋ ಅಂತ ಬರೆದು ಸಹಿ ಹಾಕಿಸಿ. ಪರೀಕ್ಷೆ ಬೇಡ ಅಂದ ಗಿರಾಕಿಯನ್ನು ವಾಪಸ್ ಕಳಿಸಿದರೆ ಇನ್ನೂರು-ಮುನ್ನೂರು ರೂಪಾಯಿ ಹೋಗಬಹುದು, ಅಷ್ಟೇ. ಅವಧಿ ಮುಗಿದ ಡಬ್ಬಿ, ಲೇಬಲ್ ಇಲ್ಲದ ಬಿಡಿ ಪುಡಿ ಬಳಸಬೇಡಿ. ಉಳಿದ ಡೈ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಹೊಟ್ಟೆಗೆ ಹೋದರೆ ಗಂಟಲು ಬಾತು ಕಿಡ್ನಿ ಕೆಡುವಷ್ಟು ವಿಷ ಅದು.

ದಿನಾ ಹತ್ತು ತಲೆಗೆ ಡೈ ಹಚ್ಚುವವರ ಕೈಗೇ ಪಿಪಿಡಿ ಎಲ್ಲರಿಗಿಂತ ಹೆಚ್ಚು ತಾಗೋದು. ಬೆರಳು ಸೀಳುವುದು, ತುರಿಸುವುದು ಶುರುವಾದರೆ ಅದು ನೀರಿನ ದೋಷ ಅಂತ ಸುಮ್ಮನಾಗಬೇಡಿ. ಬೆರೆಸುವಾಗ, ಹಚ್ಚುವಾಗ, ತೊಳೆಯುವಾಗ ಮೂರೂ ಹೊತ್ತು ಕೈಗವಸು ಇರಲಿ, ಒಮ್ಮೆ ಬಳಸಿದ್ದನ್ನು ಒಳಹೊರಗು ಮಾಡಿ ಮತ್ತೆ ಹಾಕಬೇಡಿ. ಕೈ ಕೆಟ್ಟರೆ ಈ ಕಸುಬನ್ನೇ ಬಿಡಬೇಕಾಗುತ್ತದೆ.